ಕೆಂಚಿಯ ಹತ್ತೊಂಬತ್ತನೇ ದಿನ

ಕಂಪ್ಲಿ
10 ನವೆಂಬರ್ 2025, ಸೋಮವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಎಡಮೊಣಕಾಲಿನ ಬಾವು ಇಳಿಯಿತಾ? ಬಂಡ್ರಿಯಲ್ಲಿ ಮಾವನ ಕಣದಲ್ಲಿ ಮೆಕ್ಕೆಜೋಳದ ತೆನೆ ಸುಲಿಯುವಾಗ ಕುಕ್ಕರಗಾಲಲ್ಲಿ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ಒಂದು ಮಣೆಯನ್ನಾದರೂ ಹಾಕಿಕೋ. ಬಿ.ಪಿ. ಗುಳಿಗೆಯನ್ನು ಇಲ್ಲೇ ಗೂಡಿನಲ್ಲಿ ಬಿಟ್ಟು ಹೋಗಿದ್ದೀಯ. ಅಲ್ಲಿ ಬೇರೆ ತರಿಸಿಕೊಂಡೆ ಅಂತ ಸೌಜನ್ಯಕ್ಕ ಹೇಳಿದ ಮೇಲೆ ನನಗೆ ಸಮಾಧಾನವಾಯಿತು. ಈ ಕಾಗದವನ್ನು ನಿನಗೆ ಓದಿ ಹೇಳುವವಳೂ ಅವಳೇ ಅಲ್ಲವೇ? ಸೌಜನ್ಯಕ್ಕಾ, ನಿನಗೂ ನಮಸ್ಕಾರ. ಮಾವನ ಮನೆಯ ಸೊಸೆಯಾಗಿ ಬಂದು ನಮ್ಮವ್ವನನ್ನೂ ಅತ್ತೆಯ ಹಾಗೆ ನೋಡಿಕೊಳ್ಳುತ್ತಿದ್ದೀಯ, ಆ ಋಣ ದೊಡ್ಡದು. ಅಂಗನವಾಡಿ ಮಕ್ಕಳಿಗೆ ಓದುವ ಹಾಗೆ ನಿಧಾನವಾಗಿ ಓದು. ನಡುವೆ ಅವ್ವ "ಸಾಕು ಬಿಡು" ಅಂತ ಎದ್ದರೆ ಕೈ ಹಿಡಿದು ಕೂಡಿಸು. ಇದು ಅವಳು ಪೂರ್ತಿ ಕೇಳಲೇಬೇಕಾದ ಕಾಗದ.

ಫೋನಿನಲ್ಲೇ ಹೇಳಬಹುದಿತ್ತು ಅಂತೀಯ. ಐದು ವಾರದಿಂದ ಎಷ್ಟು ಸಲ ಮಾಡಿದ್ದೇನೆ ನೆನಪಿದೆಯಾ? ಪ್ರತಿ ಸಲವೂ "ಹಂದಿಗೆ ನೀರು ಇಟ್ಟಿ? ಅಪ್ಪ ಉಂಡನಾ?" ಎಂದು ಎರಡೇ ಮಾತು ಕೇಳಿ ಫೋನನ್ನು ಸೌಜನ್ಯಕ್ಕನ ಕೈಗೆ ದಾಟಿಸುತ್ತೀಯ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಕಣಕ್ಕೆ ಹೋಗಿರುತ್ತೀಯ. ಕಾಗದವಾದರೆ ನಡುವೆ ಕೈ ಬದಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆಯ ಸುದ್ದಿ. ಅಪ್ಪ ಚೆನ್ನಾಗಿದ್ದಾನೆ. ರೈಸ್ ಮಿಲ್ಲಿನಿಂದ ಬರುವಾಗ ದಿನವೂ ಅರ್ಧ ಚೀಲ ತೌಡು ತರುತ್ತಾನೆ, ಹೋಟೆಲಿನ ಮುಸುರೆಯನ್ನು ನಾನೇ ಗಾಡಿಯಲ್ಲಿ ತರುತ್ತೇನೆ. ಉಳಿದ ಮೂರು ಹೆಣ್ಣು ಹಂದಿಗಳೂ ಮೈ ತುಂಬಿಕೊಂಡಿವೆ. ನಾನು ಮಾಡಿದ ಮುದ್ದೆ ಅಪ್ಪನ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಬೈಯುವುದಿಲ್ಲ. ಸುಮ್ಮನೆ ಎರಡು ಲೋಟ ನೀರು ಕುಡಿಯುತ್ತಾನೆ. ಬೈದಿದ್ದರೇ ಚೆನ್ನಾಗಿತ್ತು. ನೀನು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ. ಇನ್ನೊಂದು ಸುದ್ದಿ ಹೇಳಲು ಕೈ ಬರುತ್ತಿಲ್ಲ. ಐದು ವಾರದಲ್ಲಿ ಒಬ್ಬರೂ ನಮ್ಮ ಬಾಗಿಲಿಗೆ ಬಂದು "ಯಮನಮ್ಮಕ್ಕ, ನಮ್ಮ ಹಂದಿ ಒಂಚೂರು ನೋಡಿ ಹೇಳು" ಅಂದಿಲ್ಲ. ಮೊದಲು ವಾರಕ್ಕೆ ನಾಲ್ಕು ಮಂದಿಯಾದರೂ ಬರುತ್ತಿದ್ದರು. ನೀನು ಹಂದಿಯ ಸೊಂಟದ ಮೇಲೆ ಅಂಗೈ ಒತ್ತಿ, ಅದು ಕದಲದೆ ಕಿವಿ ನಿಗುರಿಸಿ ನಿಂತರೆ "ಹೂಂ, ಬೆದಿಗೆ ಬಂದೈತಿ, ಹೊಡ್ಕೊಂಡು ಹೋಗ್ರಿ" ಅನ್ನುತ್ತಿದ್ದೆ. ಆ ಮಾತಿನ ಮೇಲೆ ಅವರು ಹೊಳೆ ದಂಡೆಯ ತನಕ ಗಂಡು ಹಂದಿ ಇರುವಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನಿನ್ನ ಕೈಯ ಮಾತು ಸುಳ್ಳಾದದ್ದಿಲ್ಲ. ಈಗ "ಯಮನಮ್ಮನ ಕೈ ತಪ್ಪೈತಿ" ಎಂಬ ಮಾತು ಚಹಾದಂಗಡಿಯಲ್ಲಿ ನನ್ನ ಕಿವಿಗೇ ಬಿತ್ತು. ಆ ಮಾತನ್ನು ಹುಟ್ಟಿಸಿದವಳು ನಾನು.

ಅವ್ವಾ, ಈ ಹಂದಿಗಳ ಮೇಲೆ ನಾನು ಏನು ಓದುತ್ತಿದ್ದೇನೆ ಅಂತ ನೀನು ಒಂದು ಸಲ ಕೇಳಿದ್ದೆ. "ಅದು ನಿನಗ ತಿಳಿಯಂಗಿಲ್ಲ ಬಿಡು" ಎಂದಿದ್ದೆ. ತಿಳಿಯುತ್ತಿತ್ತು. ನನಗೇ ಹೇಳಲು ಸೋಮಾರಿತನ. ಈಗ ಹೇಳುತ್ತೇನೆ, ಕೇಳು. ಹೆಣ್ಣು ಹಂದಿಯ ಗರ್ಭಕೋಶದ ಒಳಗೋಡೆಗೆ, ಅದಕ್ಕೆ ಸೇರುವ ತೆಳ್ಳನೆಯ ನಾಳಗಳಿಗೆ, ಸಕ್ಕರೆಯ ಒಂದು ಲೇಪವಿರುತ್ತದೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದೇ ವಂಶದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಸರಗಳಾಗಿ ಗೋಡೆಯ ಮೇಲೆಲ್ಲ ನಿಂತಿರುತ್ತದೆ. ಹಂದಿ ಬೆದೆಗೆ ಬಂದಾಗ ಆ ಸರಗಳು ಒಂದು ಥರ, ಬೆದೆ ಇಳಿದ ವಾರಕ್ಕೆ ಇನ್ನೊಂದು ಥರ, ಮತ್ತೆ ಬೆದೆ ಹತ್ತಿರವಾದಾಗ ಮತ್ತೊಂದು ಥರ. ನಾಳಕ್ಕೆ ಬಂದ ಗಂಡಿನ ಬೀಜವನ್ನು ಹಿಡಿದಿಟ್ಟುಕೊಳ್ಳುವುದೂ, ಆಮೇಲೆ ಮೊಳಕೆಯಂಥ ಮರಿಗೆ ಗೋಡೆಯಲ್ಲಿ ಜಾಗ ಕೊಡುವುದೂ ಈ ಲೇಪವನ್ನೇ ನೆಚ್ಚಿಕೊಂಡಿದೆ ಎನ್ನುತ್ತಾರೆ. ಯಾವ ದಿನ ಯಾವ ಸಕ್ಕರೆ ಎಷ್ಟಿದೆ ಎಂದು ನೋಡುವುದೇ ನನ್ನ ಕೆಲಸ. ನೋಡುವುದು ಹೇಗೆ ಗೊತ್ತಾ? ಶೇಂಗಾದಿಂದ, ಗೋಧಿಯಿಂದ, ನಮ್ಮ ಹುರುಳಿ ಕಾಳಿನಿಂದ ಒಂದೊಂದು ಸಾರ ತೆಗೆದಿರುತ್ತಾರೆ. ಒಂದೊಂದು ಸಾರ ಒಂದೊಂದು ಥರದ ಸಕ್ಕರೆಯನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣ ಕಟ್ಟಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲಿ ಅಂಟಿದೆ ಎಂದು ಕಾಣುತ್ತದೆ. ಹೊಸಪೇಟೆಯ ಲ್ಯಾಬಿನಿಂದ ಬಂದು ಹುರುಳಿಯ ವಿಷಯ ಹೇಳಿದ ದಿನ ನೀನು ನಕ್ಕಿದ್ದು ನೆನಪಿದೆ: "ಹುಳ್ಳಿ ಸಾರು ಮಾಡಾಕ ಬರಲ್ಲ, ಹಂದಿ ಗರ್ಭಕ್ಕ ಹುಳ್ಳಿ ಹಚ್ಚಾಕ ಬರ್ತತಿ ನೋಡು ಇಕಿಗೆ!"

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಿನ. ಬೆದೆಗೆ ಬಂದ ದಿನದಿಂದ ಇದು ಎಷ್ಟನೆಯ ದಿನ ಎಂಬುದೊಂದು ತಪ್ಪಿದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಆ ದಿನವನ್ನು ಹೇಳುವವಳು ನೀನು. ನಮ್ಮ ಗೈಡ್ ತ್ರಿವೇಣಿ ಮೇಡಂ ಕೊಟ್ಟ ಪುಸ್ತಕಗಳಲ್ಲಿ ಹಂದಿಯ ಬೆದೆ ಇಪ್ಪತ್ತೊಂದು ದಿನಕ್ಕೆ ತಿರುಗಿ ಬರುತ್ತದೆ ಎಂದು ಬರೆದಿದೆ. ನೀನು ಅದನ್ನು ಮೂರು ಸಂತೆ ಎನ್ನುತ್ತಿದ್ದೆ. "ಈ ಸಂತಿಗೆ ಬೆದಿ. ಮುಂದಿನ ಸಂತಿಗೆ ಮರ್ತಿರ್ತತಿ. ಎರಡನೇ ಸಂತಿಗೆ ಸುಮ್ನ ಮಲಗಿರ್ತತಿ. ಮೂರನೇ ಸಂತಿಗೆ ಮತ್ತ ಎದ್ದು ನಿಂದರ್ತತಿ." ಇಷ್ಟು ಚೆಂದವಾಗಿ ನನ್ನ ಪ್ರಬಂಧದಲ್ಲಿ ಎಲ್ಲೂ ಬರೆಯಲಾಗಿಲ್ಲ. ನೀನು ಸಂತೆಯ ಲೆಕ್ಕದಲ್ಲಿ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಪಕ್ಕದಲ್ಲಿ ಪೆನ್ನಿನಿಂದ ತಾರೀಖು ಹಾಕುತ್ತಿದ್ದೆ. ನಮ್ಮ ಸಂತೆ ಮಂಗಳವಾರ. ಹಾಗಾಗಿ ಸಂತೆ ಎಂದರೆ ಮಂಗಳವಾರದ ತಾರೀಖು. ಕೈ ತಾನಾಗಿಯೇ ಬರೆಯುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ.

ಕೆಂಚಿಯ ಸಂಗತಿಗೆ ಬರುತ್ತೇನೆ. ನನ್ನ ಪಟ್ಟಿಯಲ್ಲಿ ಅದು ಏಳನೇ ನಂಬರು. ನಿನಗೆ ಅದು ಮೂರು ಸಲ ಮರಿ ಹಾಕಿದ, ಒಂದು ಮರಿಯನ್ನೂ ಮೈಕೆಳಗೆ ಹಾಕಿ ಸಾಯಿಸದ ಕೆಂಚಿ. ನಾನು ಕೊಯ್ಯಿಸುವುದು ಹೇಗೂ ಭೀಮವ್ವತ್ತೆಯ ಮಾಂಸದಂಗಡಿಗೆ ಹೋಗಬೇಕಾದ ಹಂದಿಗಳನ್ನು ಮಾತ್ರ ಎಂದು ನಿನಗೆ ಮಾತು ಕೊಟ್ಟಿದ್ದೆ. ಕೆಂಚಿಗೆ ವಯಸ್ಸಾಗುತ್ತಿದೆ ಎಂದು ಅಪ್ಪ ಹೇಳಿದ ಒಂದೇ ಮಾತನ್ನು ಹಿಡಿದುಕೊಂಡು ಅದನ್ನೂ ಪಟ್ಟಿಗೆ ಸೇರಿಸಿದೆ. ನನಗೆ ಹದಿನಾರನೇ ದಿನದ ಹಂದಿ ಬೇಕಿತ್ತು. ಬೆದೆ ಇನ್ನೂ ದೂರವಿರುವ, ಒಳಗೆಲ್ಲ ತಣ್ಣಗಿರುವ ದಿನ ಅದು. ನೋಟ್‌ಬುಕ್ಕಿನ ಪ್ರಕಾರ ಸೆಪ್ಟೆಂಬರ್ ಹದಿನೆಂಟು. ಅವತ್ತು ಬೆಳಿಗ್ಗೆ ಭೀಮವ್ವತ್ತೆಯ ಅಂಗಡಿಯ ಹಿಂದೆ ಕೆಂಚಿಯ ಸೊಂಟದ ಮೇಲೆ ಕೈಯಿಟ್ಟು ನೀನು ಹೇಳಿದೆ: "ಭವ್ಯಾ, ಇವತ್ತು ಬ್ಯಾಡ. ಇನ್ನೆರಡು ದಿನಕ್ಕ ಇದು ಬೆದಿಗೆ ಬರ್ತತಿ. ಇದೊಂದ್ಸಲ ಗಂಡಿಗೆ ಬಿಡೂನು." ಐಸ್ ಪೆಟ್ಟಿಗೆಯನ್ನು ಹಿಡಿದು ನಿಂತಿದ್ದ ನಾನು, ಬೆದೆಗೆ ಇನ್ನೂ ಐದು ದಿನವಿದೆ, ಬುಕ್ಕಿನಲ್ಲಿದೆ ಎಂದೆ. ನೀನು ಇನ್ನೊಂದು ಸಲ "ಬ್ಯಾಡ" ಅಂದೆ. ನಾನು ಭೀಮವ್ವತ್ತೆಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ನೀನು ತಿರುಗಿ ನೋಡದೆ ಮನೆಗೆ ಹೋದೆ. ಗರ್ಭಕೋಶವನ್ನು ಕೈಗೆ ತೆಗೆದುಕೊಂಡಾಗಲೇ ಕಂಡಿತು ಅವ್ವಾ. ಅಂಡಾಶಯದ ಮೇಲೆ ಹೊಸ ಗುಳ್ಳೆಗಳು ದಪ್ಪಗೆ ಎದ್ದಿದ್ದವು, ದ್ರಾಕ್ಷಿ ಗೊಂಚಲಿನ ಹಾಗೆ. ಹದಿನಾರನೇ ದಿನಕ್ಕೆ ಹಾಗಿರುವುದಿಲ್ಲ. ಕಂಡರೂ ಕಾಣದವಳ ಹಾಗೆ ಪೆಟ್ಟಿಗೆ ಮುಚ್ಚಿದೆ.

ಆಮೇಲೆ ಹದಿನೈದು ದಿನ ಹೊಸಪೇಟೆಯಲ್ಲಿ ಅದನ್ನು ಎಳೆ ಎಳೆಯಾಗಿ ಕೊಯ್ದು ಗಾಜಿನ ಮೇಲೆ ಹರಡಿ ಕಾಳಿನ ಸಾರಗಳನ್ನು ಹಚ್ಚಿ ನೋಡಿದೆ. ಅಂಟಬಾರದ ಕಡೆ ಅಂಟಿತ್ತು, ಇರಬೇಕಾದ ಕಡೆ ಬಣ್ಣವೇ ಇರಲಿಲ್ಲ. ಏಳನೇ ನಂಬರು ಉಳಿದ ಹಂದಿಗಳ ಸಾಲಿನಲ್ಲಿ ಎಲ್ಲೂ ಕೂರಲಿಲ್ಲ. ತ್ರಿವೇಣಿ ಮೇಡಂ ಅದನ್ನು ವಿಚಾರಿಸಲೆಂದೇ ಅಕ್ಟೋಬರ್ ಮೂರಕ್ಕೆ ಕಂಪ್ಲಿಗೆ ಬಂದರು. ನೀನು ಅವರಿಗೆ ಕುರ್ಚಿ ಒರೆಸಿ ಕೊಟ್ಟು, ಸೆರಗು ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಭೀಮವ್ವತ್ತೆ ಇದ್ದಳು, ಬೀದಿಯ ಇನ್ನೂ ನಾಲ್ಕು ಮಂದಿ ಇದ್ದರು. ಮೇಡಂ "ಇದು ಹೇಗಾಯಿತು ಭವ್ಯ?" ಎಂದು ಕೇಳಿದ್ದೇ ತಡ, ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ಬರೆಯದೆ ತಪ್ಪಿಸಿಕೊಳ್ಳಬಾರದು: "ನಮ್ಮವ್ವ ತಪ್ಪು ದಿನ ಹೇಳ್ಯಾಳ್ರಿ ಮೇಡಂ. ಓದು ಬರದವರ ಲೆಕ್ಕ ನಂಬಿದ್ದು ನನ್ನ ತಪ್ಪು." ನೀನು ಒಮ್ಮೆ ಮೇಡಂ ಕಡೆ ನೋಡಿದೆ, ಒಮ್ಮೆ ನನ್ನ ತೊಡೆಯ ಮೇಲಿದ್ದ ನೋಟ್‌ಬುಕ್ಕಿನ ಕಡೆ ನೋಡಿದೆ. "ಇರಬೋದ್ರಿ" ಅಂದೆ. ಅಷ್ಟೇ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಮಾರನೇ ದಿನದ ಮೊದಲ ಬಸ್ಸಿಗೆ ನೀನು ಬಂಡ್ರಿಗೆ ಹೊರಟಾಗ ಮೆಕ್ಕೆಜೋಳದ ಕೆಲಸಕ್ಕೆ ಹೊರಟೆ ಎಂದುಕೊಂಡೆ. ಎಂದುಕೊಂಡೆ ಎಂದರೆ, ಹಾಗೆಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ನೀನೇ. ನಿನ್ನ ಮುಂದೆಯೇ ಒಡೆದೆ.

ಹೋದ ಮಂಗಳವಾರ ಸಂತೆಗೆ ಹೋಗಿದ್ದೆ. ಅಪ್ಪನಿಗೆ ಬಾಯಿ ಕೆಟ್ಟಿತ್ತು, ಒಣಮೀನು ತರೋಣವೆಂದು ಜಂಬವ್ವನ ಮುಂದೆ ಕೂತೆ. ಅವಳು ಮೀನು ತೂಗುತ್ತ ತನ್ನ ಪಾಡಿಗೆ ಗೊಣಗುತ್ತಿದ್ದಳು: "ಈ ವರ್ಷ ವ್ಯಾಪಾರನ ಇಲ್ಲವ್ವ. ಗಣಪ್ಪನ ಹಬ್ಬದಾಗ ಮೆರವಣಿಗಿ ಬರ್ತತಿ ಅಂತ ಮಂಗಳವಾರದ ಸಂತಿ ತಗ್ದು ಶನಿವಾರನ ಮಾಡಿಬಿಟ್ರು. ನನಗ ಸುದ್ದಿನ ಗೊತ್ತಿಲ್ಲ. ಮಂಗಳವಾರ ಪುಟ್ಟಿ ಹೊತ್ಕೊಂಡು ಬಂದ್ರ ಬರೇ ಬೀದಿ!" ಮೀನನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಅವಳು ಹಿಂದಿನಿಂದ ಕೂಗಿದ್ದೂ ಕೇಳಿಸಲಿಲ್ಲ. ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಪೆನ್ಸಿಲಿನಲ್ಲಿ ನಿನ್ನ ಮಾತು: "ಕೆಂಚಿ ಸಂತಿ ದಿನ ನಿಂತಾಳ." ಪಕ್ಕದಲ್ಲಿ ಪೆನ್ನಿನಲ್ಲಿ ನನ್ನ ಅಕ್ಷರ: 2-9-2025. ಆ ವಾರ ನಾನು ಹೊಸಪೇಟೆಯ ರೂಮಿನಲ್ಲಿದ್ದೆ. ಹಬ್ಬ ಕಳೆದು ಬಂದಾಗ ನೀನು ಹೇಳಿದ್ದನ್ನು ಬರೆದುಕೊಂಡಿದ್ದೆ. ಆ ವಾರದ ಸಂತೆ ಮಂಗಳವಾರ ಆಗಿರಲೇ ಇಲ್ಲ. ಆಗಸ್ಟ್ ಮೂವತ್ತು, ಶನಿವಾರ ಆಗಿತ್ತು. ಮೂರು ದಿನ ಮೊದಲು. ನಾನು ಹದಿನಾರನೇ ದಿನ ಎಂದು ಕೊಯ್ಯಿಸಿದ್ದು ಹತ್ತೊಂಬತ್ತನೇ ದಿನ. ಬೆರಳು ಮಡಚಿ ಎಣಿಸಿದೆ, ಕ್ಯಾಲೆಂಡರಿನಲ್ಲಿ ಎಣಿಸಿದೆ. ನೀನು ಹೇಳಿದ ಹಾಗೆಯೇ ಬೆದೆಗೆ ಎರಡೇ ದಿನ ಉಳಿದಿತ್ತು.

ಮಾರನೇ ದಿನ ಹೊಸಪೇಟೆಗೆ ಹೋಗಿ ಕೆಂಚಿಯ ಗಾಜುಗಳನ್ನು ಮತ್ತೆ ನೋಡಿದೆ. ಹತ್ತೊಂಬತ್ತು ಎಂದು ಚೀಟಿ ಬದಲಾಯಿಸಿ ಸಾಲಿನಲ್ಲಿಟ್ಟರೆ ಒಂದು ತಪ್ಪಿಲ್ಲದೆ ಕೂತುಕೊಂಡಿತು. ಶೇಂಗಾದ್ದು, ಹುರುಳಿಯದ್ದು, ಗೋಧಿಯದ್ದು ಎಲ್ಲವೂ. ಬೆದೆಗೆ ಸಿದ್ಧವಾಗುತ್ತಿದ್ದ ಗರ್ಭ ಅದು. ನಾನು ಅಷ್ಟು ಹೊತ್ತು ಕೂತು ನೋಡಿದ್ದು ವಿಜ್ಞಾನವನ್ನಲ್ಲ ಅವ್ವಾ. ನೀನು ಅಂಗೈಯಲ್ಲಿ ಒಂದು ಗಳಿಗೆಯಲ್ಲಿ ತಿಳಿದದ್ದನ್ನು ನಾನು ತಿಳಿಯಲು ಒಂದು ಜೀವ, ಏಳು ವಾರ, ಅಷ್ಟೊಂದು ಗಾಜು ಬೇಕಾದವು. ಅಲ್ಲೇ ಅತ್ತೆ. ಲ್ಯಾಬಿನ ಹುಡುಗಿಯರು ಕಣ್ಣಿಗೆ ಔಷಧಿ ಸಿಡಿಯಿತು ಎಂದುಕೊಂಡು ನೀರು ತಂದುಕೊಟ್ಟರು.

ಮೇಡಂಗೆ ಎಲ್ಲ ಹೇಳಿದ್ದೇನೆ. ಪ್ರಬಂಧದಲ್ಲಿ "ಸಾಕುವವರು ಕೊಟ್ಟ ತಪ್ಪು ಮಾಹಿತಿಯಿಂದಾಗಿ ಏಳನೇ ಮಾದರಿಯನ್ನು ಕೈಬಿಡಲಾಗಿದೆ" ಎಂದು ಒಂದು ಸಾಲು ಬರೆದಿದ್ದೆ. ಅದನ್ನು ಅವರ ಎದುರಿಗೇ ಹೊಡೆದುಹಾಕಿದೆ. ಅವರು, "ಉಳಿದ ಹಂದಿಗಳ ದಿನಗಳನ್ನೂ ಮತ್ತೆ ತಾಳೆ ನೋಡಬೇಕು ಭವ್ಯ, ಆರು ತಿಂಗಳು ತಡವಾಗುತ್ತದೆ. ಅದಿರಲಿ, ನಿಮ್ಮ ತಾಯಿಗೆ ಹೇಳಿದಿರಾ?" ಎಂದರು. ಇಲ್ಲ ಎಂದೆ. ಅವರು ಬೈಯಲಿಲ್ಲ. ತಾಳೆ ನೋಡಲು ನೀನು ಬೇಕು. ಯಾವ ಸಂತೆ ಯಾವತ್ತು ಆಯಿತು ಎಂಬುದು ನಿನ್ನ ನೆನಪಿನಲ್ಲಿದೆ, ನನ್ನ ಬುಕ್ಕಿನಲ್ಲಿಲ್ಲ. ಆದರೆ ಅದಕ್ಕಾಗಿ ನಿನ್ನನ್ನು ಕರೆಯುತ್ತಿಲ್ಲ. ಪದವಿ ಆರು ತಿಂಗಳಲ್ಲ, ಆರು ವರ್ಷ ತಡವಾಗಲಿ. ನಾನು ಕೆಡಿಸಿದ ನಿನ್ನ ಹೆಸರನ್ನು ಮೊದಲು ನಾನೇ ತೊಳೆಯಬೇಕು.

ನಾಳೆ ಸಂತೆ. ತೌಡಿನ ಅಂಗಡಿಯ ಮುಂದೆ ಹಂದಿ ಸಾಕುವವರೆಲ್ಲ ಸೇರುತ್ತಾರೆ, ಭೀಮವ್ವತ್ತೆಯೂ ಅಲ್ಲಿಗೇ ಬರುತ್ತಾಳೆ. ಅವರ ಮುಂದೆ ನಿಂತು, ತಪ್ಪಿದ್ದು ಯಮನಮ್ಮನ ಕೈಯಲ್ಲ, ನನ್ನ ಪೆನ್ನು ಎಂದು ಹೇಳುತ್ತೇನೆ. ಹೆದರಿಕೆಯಾಗುತ್ತಿದೆ. ದೊಡ್ಡ ದೊಡ್ಡ ಪ್ರೊಫೆಸರುಗಳ ಮುಂದೆ ನಿಂತು ಮಾತಾಡಿದ್ದೇನೆ, ಹೀಗಾಗಿರಲಿಲ್ಲ. ಇವರ ಮುಂದೆ ಆಗುತ್ತದೆ, ಯಾಕೆಂದರೆ ಇವರು ನನ್ನನ್ನು ಲಂಗ ಹಾಕುವ ವಯಸ್ಸಿನಿಂದ ಬಲ್ಲವರು. ಆದರೂ ಹೇಳುತ್ತೇನೆ. ಹೇಳಿ ಬಂದ ಮೇಲೆಯೇ ಈ ಕಾಗದವನ್ನು ಟಪಾಲಿಗೆ ಹಾಕುತ್ತೇನೆ, ಇಲ್ಲದಿದ್ದರೆ ಹಾಕುವುದಿಲ್ಲ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಸೌಜನ್ಯಕ್ಕಾ, ಇಲ್ಲಿಯ ತನಕ ಅಳದೆ ಓದಿದ್ದರೆ ನೀನು ಗಟ್ಟಿಗಿತ್ತಿ. ಅವ್ವಾ, ತಲೆಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು, ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ನಿನಗೇನಾದರೂ ಹೇಳಬೇಕಾ ಎಂದು ಅಪ್ಪನನ್ನು ಕೇಳಿದರೆ "ಏನಿಲ್ಲ, ಆರಾಮ ಅದೀನಿ ಅಂತ ಬರಿ" ಎಂದ. ಹೇಳುವಾಗ ಅವನ ದನಿ ಆರಾಮವಾಗಿರಲಿಲ್ಲ.

ನಿನ್ನ ಕಾಲಿಗೆ ಹಣೆ ಮುಟ್ಟಿಸುವ ಮಗಳು,
ಭವ್ಯ

ತಾ.ಕ.: ಮಂಗಳವಾರ, ಮಧ್ಯಾಹ್ನ ಎರಡೂವರೆ. ಮೂರಕ್ಕೆ ಟಪಾಲು ಹೋಗುತ್ತದೆ, ಅಕ್ಷರ ಕೆಟ್ಟಿದೆ, ಸೌಜನ್ಯಕ್ಕ ಹೇಗಾದರೂ ಓದಿಕೋ. ಹೇಳಿದೆ ಅವ್ವಾ. ಎಲ್ಲರೂ ಇದ್ದರು. ನೋಟ್‌ಬುಕ್ ತೆರೆದು ತೋರಿಸಿದೆ, ಶನಿವಾರದ ಸಂತೆಯ ವಿಷಯ ಹೇಳಿದೆ, ತಪ್ಪು ನನ್ನದು ಎಂದೆ. ಭೀಮವ್ವತ್ತೆ ನನ್ನ ತಲೆ ಸವರಿ ಹೇಳಿದಳು: "ಶನಿವಾರ ಸಂತಿ ಆಗಿದ್ದು ನಮಗೂ ಗೊತ್ತೈತವ್ವ. ಆದ್ರ ನಿಮ್ಮವ್ವ ಬಂಡ್ರಿಗೆ ಹೋಗೋ ಹಿಂದಿನ ದಿನ ಸಂಜಿಕ ನಮ್ಮ ಮನಿ ಮನಿಗೆ ಬಂದು ತನ್ನ ಬಾಯಿಲೆ ಹೇಳ್ಯಾಳ. 'ನನ್ನ ಕೈ ಮೊದ್ಲಿನಂಗ ಇಲ್ರವ್ವ, ತಪ್ಪು ನಂದ, ಮಗಳ ಬುಕ್ಕು ಸರಿ ಐತಿ, ಅಕಿ ಓದಿಗೆ ಯಾರೂ ಹೆಸರಿಡಬ್ಯಾಡ್ರಿ' ಅಂದ್ಲು. ಯಮನಮ್ಮ ಸುಳ್ಳು ಹೇಳಾಕಿ ಅಲ್ಲ. ನೀನು ತಾಯಿ ಮ್ಯಾಲಿನ ಮಾಯಕ್ಕ ಹಿಂಗ ಹೇಳಾಕ ಬಂದೀದಿ. ಛಲೋ ಮಗಳು ನೀನು." ಛಲೋ ಮಗಳಂತೆ! ಅಲ್ಲ ಅಲ್ಲ ಎಂದು ಕೂಗಿದೆ. ಎಲ್ಲರೂ ಕನಿಕರದಿಂದ ನೋಡಿದರು. ಮನೆಗೆ ಓಡಿ ಬಂದು ಅಪ್ಪನನ್ನು ಕೇಳಿದರೆ, "ಹೇಳಬ್ಯಾಡ ಅಂತ ನಿಮ್ಮವ್ವ ಆಣಿ ಹಾಕಿಸಿಕೊಂಡಿದ್ಲು" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಹಾಗಾದರೆ ಆ ದಿನ ಗೋಡೆಗೆ ಒರಗಿ ನಿಂತಾಗಲೇ ನಿನಗೆಲ್ಲ ತಿಳಿದಿತ್ತು. ಮೇಡಂ ಮುಂದೆ ನನ್ನ ಬುಕ್ಕು ಸುಳ್ಳಾಗಬಾರದು ಎಂದು ನಿನ್ನ ಕೈಯನ್ನೇ ಸುಳ್ಳು ಮಾಡಿಕೊಂಡೆ. ಇಪ್ಪತ್ತು ವರ್ಷ ನೀನು ಆಡಿದ್ದೆಲ್ಲ ನಿಜವಾಗಿದ್ದರಿಂದ ಈ ಒಂದು ಸುಳ್ಳನ್ನೂ ಊರು ನಂಬಿದೆ. ನನ್ನ ನಿಜವನ್ನು ಒಬ್ಬರೂ ನಂಬುತ್ತಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಒಂದೇ ಒಂದು ಮಾತು ನಡೆಸಿಕೊಡು. ಈ ಕಾಗದ ಮುಟ್ಟಿದ ದಿನವೇ ಬಸ್ಸು ಹತ್ತಿ ಬಾ. ಬಂದು ಅವರೆಲ್ಲರ ಮುಂದೆ ನಿಂತು, ತಪ್ಪು ನನ್ನ ಮಗಳದ್ದು ಎಂದು ನಿನ್ನ ಬಾಯಿಂದಲೇ ಹೇಳು.